ಕಲ್ಲಿನ ಕೋಟೆಯೊಳಗೆ ನೀರಿನ ದಾರಿ

ತುರುವನೂರು 1939ರ ಅರಣ್ಯ ಸತ್ಯಾಗ್ರಹದಿಂದ ಹೆಸರಾದ ಊರು. ಅಲ್ಲಿನ ಮಕ್ಕಳಿಗೆ ದುರ್ಗದ ಕೋಟೆ ಅಪರಿಚಿತವಲ್ಲ. ಅಪ್ಪನ ಜೊತೆ ಚಿತ್ರದುರ್ಗದ ಬಸ್ಸು ಹತ್ತಿದವರಿಗೆಲ್ಲ ಆ ಬಂಡೆಗುಡ್ಡ, ಅದರ ಮೈಮೇಲೆ ಹರಿದಾಡಿದ ಗೋಡೆ ದೂರದಿಂದ ಕಂಡೇ ಇರುತ್ತದೆ. ಹತ್ತಿ, ನಿಧಾನವಾಗಿ ನೋಡುವುದು ಬೇರೆಯೇ ಮಾತು.

ಹತ್ತಿದವರು ಮೊದಲು ಓಡುವುದು ಓಬವ್ವನ ಕಿಂಡಿಯತ್ತ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಎತ್ತಿ ನಿಂತದ್ದನ್ನು ಮರೆತವರುಂಟೆ? ಒಬ್ಬೊಬ್ಬರೇ ಮೈ ಬಗ್ಗಿಸಿ ನುಸುಳಬೇಕಾದ ಆ ಬಿರುಕನ್ನು ಕಂಡಾಗ, ಒಬ್ಬ ಹೆಂಗಸು ಸೈನ್ಯವನ್ನು ತಡೆದ ಕಥೆ ನಂಬುವಂತಾಗುತ್ತದೆ. ಆದರೆ ಆ ಕಥೆಯೊಳಗಿನ ಒಂದು ಸಣ್ಣ ಸಂಗತಿಯನ್ನು ಮಕ್ಕಳು ಗಮನಿಸುವುದಿಲ್ಲ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದ. ಅವನಿಗೆ ಕುಡಿಯುವ ನೀರು ತರಲು ಓಬವ್ವ ಹೋದದ್ದು ಹತ್ತಿರದ ತಣ್ಣೀರು ದೋಣಿಗೆ. ಹೈದರಾಲಿಯ ಸೈನಿಕರ ಸದ್ದು ಕೇಳಿಸಿದ್ದು ಆಗ.

ನೀರು! ಏಳು ಸುತ್ತಿನ ಕೋಟೆ ಎಂದರೆ ಎಲ್ಲರೂ ಗೋಡೆ ಎಣಿಸುತ್ತಾರೆ. ಹೊಂಡಗಳನ್ನು ಎಣಿಸುವವರು ಕಡಿಮೆ. ಮುತ್ತಿಗೆ ಹಾಕಿದವನು ತಿಂಗಳುಗಟ್ಟಲೆ ಕಾಯಬಲ್ಲ. ಒಳಗಿನವರು ನೀರಿಲ್ಲದೆ ವಾರವೂ ಕಾಯಲಾರರು. ಇದೋ ಮಳೆ ಕಡಿಮೆಯ ಬಯಲುಸೀಮೆ, ಕಾಲ ಕೆಳಗೆ ಬರೀ ಬಂಡೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಹೋಗುತ್ತದೆ. ಕೋಟೆ ಕಟ್ಟಿದವರು ಆ ಜಾರುವ ನೀರಿಗೇ ದಾರಿ ಮಾಡಿಕೊಟ್ಟರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಚೆಲ್ಲಿದರೆ ಅಕ್ಕ-ತಂಗಿ ಹೊಂಡಕ್ಕೆ, ಅದೂ ತುಂಬಿದರೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ. ಪಂಪು, ಕೊಳವೆ ಯಾವುದೂ ಬೇಡ, ಇಳಿಜಾರೇ ಸಾಕು.

ಹೈದರಾಲಿ ಹಲವು ಸಲ ಬಂದು ಮುತ್ತಿದ. 1779ರಲ್ಲಿ ದುರ್ಗ ಬಿತ್ತು, ಮದಕರಿನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ. ಆ ಸೋಲನ್ನು ಹೇಳುವಾಗ ದುರ್ಗದ ಜನ ಇಂದಿಗೂ ನೆನೆಯುವುದು ಒಳಗಿನವರ ದ್ರೋಹವನ್ನು.

ಅರಮನೆಯಲ್ಲಿ ಈಗ ಉಳಿದಿರುವುದು ಮೊಂಡು ಮಣ್ಣಿನ ಗೋಡೆಗಳು. ಮದ್ದು ಅರೆಯುತ್ತಿದ್ದ ಭಾರೀ ಬೀಸುಗಲ್ಲುಗಳು ಗುಂಡಿಯಲ್ಲಿ ಸುಮ್ಮನೆ ನಿಂತಿವೆ. ಹೊಂಡಗಳು ಮಾತ್ರ ಕೆಲಸ ಬಿಟ್ಟಿಲ್ಲ. ಅವುಗಳ ದಡದಲ್ಲೇ ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆದು ಹೋಗುವವರ ಜಾಣತನಕ್ಕೆ ಏನೆನ್ನಬೇಕೋ!

ತುದಿಯಲ್ಲಿ ನಿಂತರೆ ಬಯಲು ಕಣ್ಣು ಹಾಯುವಷ್ಟು ದೂರ ಕಾಣುತ್ತದೆ. ಕೊಳವೆಬಾವಿ ಬತ್ತಿದ ವರ್ಷದ ಮಾತು ಮನೆಯಲ್ಲಿ ಕೇಳಿದ ಹುಡುಗನಿಗೆ, ಇಲ್ಲಿ ಕೇಳಲು ಪ್ರಶ್ನೆಗಳಿಗೆ ಬರವಿಲ್ಲ. ಪೋಷಕರು ಮಕ್ಕಳನ್ನು ಬಿಸಿಲಿಗೆ ಕರೆತರುವ ಬದಲು, ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಕರೆತರಲಿ. ಬಂಡೆ ಜಾರುತ್ತದೆ, ಜೋಪಾನ. ಆದರೆ ಮೇಲಿನ ಹೊಂಡದ ನೀರು ಕೆಳಗಿನದನ್ನು ಹುಡುಕಿಕೊಂಡು ಹೋಗುವುದು ಆಗಲೇ ಕಾಣುವುದು.