ಬೀಗದೊಳಗಿನ ಕೂಸು

ಸುದ್ದಗುಂಟೆಪಾಳ್ಯದ ನಮ್ಮ ವಠಾರದಲ್ಲಿ ಬೆಳಿಗ್ಗೆ ಆರಕ್ಕೇ ಬೀಗ ಬೀಳುತ್ತೆ. ಒಳಗೆ ಕೂಸು, ಅದನ್ನ ನೋಡಿಕೊಳ್ಳೋಕೆ ಎಂಟು ವರ್ಷದ ಅಕ್ಕ. ನಾವು ಹೆಂಗಸರು ಜಯನಗರದ ಮನೆಗಳಿಗೆ ಮುಸುರೆ ತಿಕ್ಕೋಕೆ, ಗಂಡಸರು ಗಾರೆ ಕೆಲಸಕ್ಕೆ. ಅಲ್ಲಿ ಅವರ ಮಕ್ಕಳನ್ನ ತಲೆ ಬಾಚಿ ಸ್ಕೂಲ್ ಬಸ್ಸು ಹತ್ತಿಸ್ತೀವಿ. ಇಲ್ಲಿ ನಮ್ಮ ಹುಡುಗಿಗೆ ಇನ್ನೊಂದು ಗೈರುಹಾಜರಿ. ಮೇಷ್ಟ್ರುಗಳೇ, ಅವಳನ್ನ ಬೈಬೇಡಿ. ಶಾಲೆ ಬಿಡಿಸಿದವರು ಯಾರು ಅಂತ ನಮ್ಮನ್ನ ಕೇಳಿ.

ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರದ ಕೋಣೆ ಇರಬೇಕೆಂದು ಬರೆದಿತ್ತು. 50 ಹೆಂಗಸರಿಗಿಂತ ಹೆಚ್ಚಿದ್ದರೆ ಅಂತಿದ್ದದ್ದು 1976ರಲ್ಲಿ 30ಕ್ಕೆ ಇಳಿಯಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ತಾಯಿ ದಿನಕ್ಕೆ ನಾಲ್ಕು ಸಲ ಕೂಸಿನ ಹತ್ತಿರ ಹೋಗಿಬರಬಹುದು ಎಂದಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಗಂಡು ಹೆಣ್ಣು ಕೂಡಿಸಿ 50 ತಲೆ ಎಣಿಸುತ್ತವೆ. ಗಂಡಸರನ್ನ ಎಣಿಸಿದ್ದು ಸರಿಯೇ, ಕೂಸು ಅವರದ್ದೂ ಅಲ್ವೆ? ಆದರೆ ಲೆಕ್ಕವೆಲ್ಲ ಒಬ್ಬ ಮಾಲೀಕನ ಆಳುಗಳದ್ದು. ನಾವೋ ಮನೆಗೊಬ್ಬರು. ಒಂದು ಬೀದಿಗೆ ನೂರು ಜನ ಹೋದರೂ ಕಾನೂನಿನ ಕಣ್ಣಿಗೆ ನಾವು ಒಂಟಿಗಳೇ.

ಬೀದಿ ಲೆಕ್ಕದಲ್ಲಿ, ಪಾಳ್ಯದ ಲೆಕ್ಕದಲ್ಲಿ ಎಣಿಸಿ ಅನ್ನೋದು ನಮ್ಮ ಮಾತು. ಅಂಗನವಾಡಿ ಇದೆಯಲ್ಲ ಅಂತಾರೆ. ಮೂರು ತುಂಬದ ಕೂಸನ್ನ ದಿನವಿಡೀ ಅಲ್ಲಿ ಇಟ್ಟುಕೊಳ್ಳಲ್ಲ, ನಾವು ಸಂಜೆ ಪಾಳಿ ಮುಗಿಸೋ ಹೊತ್ತಿಗೆ ಅದರ ಬಾಗಿಲೂ ಮುಚ್ಚಿರುತ್ತೆ.

2025ರಲ್ಲಿ ರಾಜ್ಯ ಸರ್ಕಾರ ಮನೆಗೆಲಸದವರ ಮಸೂದೆಯ ಕರಡು ಹೊರಡಿಸಿ ಆಕ್ಷೇಪಣೆ, ಸಲಹೆ ಕೇಳಿತು. ಕೇಳಿದ್ದೇನೋ ಸರಿ, ಆ ಕರಡು ನಮ್ಮ ನಲ್ಲಿ ಕಟ್ಟೆಗೆ ಬರುತ್ತಾ? ಓದಿದ ಹುಡುಗರು ಬಂದು ಓದಿ ಹೇಳಬೇಕು. ಕೆಲಸ ಇರೋದೇ ಅಲ್ಲಿ. ಕಾನೂನು ಆದಮೇಲೆ ಕೂಗೋದಕ್ಕಿಂತ, ಕರಡು ಇರುವಾಗಲೇ ನಮ್ಮ ಸಾಲು ಸೇರಿಸೋದು ಮೇಲು. ಆದಮೇಲೂ ಬದಲಾಗಲ್ಲ ಅಂತಲ್ಲ. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಂಗಸರು ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಹೊಸೂರು ರಸ್ತೆ ತುಂಬಿದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನ ವಾಪಸ್ ತೆಗೆದುಕೊಂಡಿತು.

ನಮ್ಮ ಅರ್ಜಿಗೆ ಮೊದಲು ಹೆಂಗಸರೇ ಹೆಬ್ಬೆಟ್ಟು ಒತ್ತಿದ್ದು. ಗಂಡಸರು 'ಅದು ನಿಮ್ಮ ವಿಷ್ಯ' ಅಂತ ಬೀಡಿ ಹಚ್ಚಿದರು. ಒಂದು ರಾತ್ರಿ ಜಗಳವೇ ಆಯ್ತು. ಆಮೇಲೆ ಅವರೂ ಒತ್ತಿದರು.

ಅರ್ಜಿ ಕೊಡೋಕೆ ಒಂದು ದಿನದ ಕೂಲಿ ಬಿಟ್ಟು, ಕೂಸುಗಳನ್ನ ಕಂಕುಳಲ್ಲಿ ಎತ್ತಿಕೊಂಡು ಹೋದೆವು. ಕಚೇರಿ ಬಾಗಿಲಲ್ಲಿ ಜವಾನ ತಡೆದ.

'ಮಕ್ಕಳನ್ನ ಯಾಕ್ರಮ್ಮ ಕರ್ಕೊಂಡ್ ಬಂದ್ರಿ?'

'ಎಲ್ ಬಿಟ್ ಬರೋದು ಸ್ವಾಮಿ, ಅದನ್ನೇ ಕೇಳಕ್ ಬಂದಿದ್ದೀವಿ.'