ಕೃಷ್ಣಗಿರಿಯ ಮಾವಿನ ಮೇಳಕ್ಕೆ ಹೋಗಿಬಂದೆವು

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಅತ್ತಿಬೆಲೆ ದಾಟಿದರೆ ತಮಿಳುನಾಡು. ಹೊಸೂರಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಶೂಲಗಿರಿಯ ಮೇಲೆ ಹಾದು ಕೃಷ್ಣಗಿರಿಗೆ ಇನ್ನೊಂದು 50 ಕಿ.ಮೀ. ಗಡಿ ದಾಟಿದರೂ ಕನ್ನಡ ಕಿವಿಗೆ ಬೀಳುವುದು ನಿಲ್ಲುವುದಿಲ್ಲ. ಹೊಸೂರಿನ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮೊದಲು ಧರ್ಮಪುರಿ ಜಿಲ್ಲೆಗೆ ಸೇರಿದ್ದ ಈ ಸೀಮೆ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ದಾರಿಯುದ್ದಕ್ಕೂ ಬಂಡೆಗುಡ್ಡಗಳು, ಅವುಗಳ ಬುಡದಲ್ಲಿ ಮಾವಿನ ತೋಪುಗಳು. ನಾವು ತೋತಾಪುರಿ ಎಂದೂ ಗಿಣಿಮೂತಿ ಎಂದೂ ಕರೆಯುವ ಹಣ್ಣು ಅಲ್ಲಿನವರ ಬಾಯಲ್ಲಿ ‘ಬೆಂಗಳೂರಾ’. ಆ ಹಣ್ಣಿನ ತಿರುಳು ತೆಗೆದು ಡಬ್ಬಿಗೆ ತುಂಬಿ ಹೊರದೇಶಗಳಿಗೆ ಕಳಿಸುವ ಕಾರ್ಖಾನೆಗಳು ಊರ ಸುತ್ತ ಬಹಳ ಇವೆ.

ವ್ಯಾಪಾರಸ್ಥ ಜೈನ ಮನೆತನಗಳಿಗೆ ಈ ನೆಲದೊಡನೆ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಕೃಷ್ಣಗಿರಿಯ ದಕ್ಷಿಣಕ್ಕಿರುವ ಧರ್ಮಪುರಿಯ ಹಳೆಯ ಹೆಸರು ತಗಡೂರು. ಕ್ರಿ.ಶ. 893ರ ಕನ್ನಡ ಶಾಸನವೊಂದು ಅಲ್ಲಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಸೋದರರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದನ್ನೂ ನೊಳಂಬ ಅರಸ ಮಹೇಂದ್ರನ ಕಾಲದಲ್ಲಿ ಅದಕ್ಕೆ ದತ್ತಿ ದೊರೆತದ್ದನ್ನೂ ಅದು ಹೇಳುತ್ತದೆ. ಸಾವಿರದ ನೂರು ವರ್ಷಗಳ ಹಿಂದೆ ಅಂಗಡಿ ಇಟ್ಟ ಅಣ್ಣತಮ್ಮಂದಿರ ಹೆಸರು ಕಲ್ಲಿನಲ್ಲಿ ಉಳಿದಿದೆ! ಇಂದು ಹೆದ್ದಾರಿಯಲ್ಲಿ ಹೋಗುವ ನಮ್ಮವರು ಕೃಷ್ಣಗಿರಿಯ ಪಾರ್ಶ್ವ ಪದ್ಮಾವತಿ ತೀರ್ಥಧಾಮದಲ್ಲಿ ಇಳಿದು ದರ್ಶನ ಮಾಡಿಯೇ ಮುಂದುವರಿಯುತ್ತಾರೆ.

ಇಷ್ಟು ಪರಿಚಯದ ಊರಿಗೆ ಹೋಗಿಬರಲು ನಮ್ಮ ಮನೆಯಲ್ಲಿ ಒಂದು ತಿಂಗಳು ಆಲೋಚನೆ ನಡೆಯಿತೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವಿತ್ತು.

ನಮ್ಮ ತಮ್ಮನ ಮಗಳಿಗೆ ಹದಿನಾರು ವರ್ಷ. ಮೂತ್ರಪಿಂಡಗಳೆರಡೂ ಕೆಟ್ಟು, ತಾಯಿಯೇ ತನ್ನದೊಂದನ್ನು ಕೊಟ್ಟು, ಕಸಿ ಶಸ್ತ್ರಚಿಕಿತ್ಸೆ ಆಗಿ ಆಗ ಹದಿನಾಲ್ಕು ತಿಂಗಳು. ಕಸಿಯಾದ ಅಂಗವನ್ನು ಶರೀರ ಪರಕೀಯವೆಂದು ತಿಳಿದು ಹೊರದೂಡಲು ನೋಡುತ್ತದೆ. ಹಾಗಾಗದಂತೆ ತಡೆಯುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತವೆ, ಮತ್ತು ಅವನ್ನು ಕಸಿಯಾದ ಅಂಗ ಕೆಲಸ ಮಾಡುವಷ್ಟು ಕಾಲವೂ ಬಿಡುವಂತಿಲ್ಲ. ನಮಗೆ ಎರಡು ದಿನದ ನೆಗಡಿಯಾಗಿ ಹೋಗುವುದು ಅಂಥವರನ್ನು ಆಸ್ಪತ್ರೆಯ ಮಂಚಕ್ಕೆ ತಳ್ಳಬಹುದು. ಹೀಗಾಗಿ ಒಂದು ವರ್ಷ ಆ ಹುಡುಗಿ ಮದುವೆ ನೋಡಲಿಲ್ಲ, ಪ್ರವಚನಕ್ಕೆ ಬರಲಿಲ್ಲ, ಪರ್ಯೂಷಣದಲ್ಲಿ ಮಂದಿರದ ಮೆಟ್ಟಿಲು ತುಳಿಯಲಿಲ್ಲ. ಬೇಸಿಗೆ ರಜೆಯಲ್ಲಿ ಮನೆಯ ಮಕ್ಕಳೆಲ್ಲ ಬಿಡದಿಯ ವಂಡರ್‌ಲಾಗೆ ಹೋಗುವ ಮಾತು ತೆಗೆದಾಗ ಅವಳು ಕೇಳಿದ್ದು ಇಷ್ಟೇ: “ದೊಡ್ಡಪ್ಪಾ, ಈ ಸಲವೂ ನಾನು ಫೋಟೋ ನೋಡುವುದೇನಾ?”

ಅಜ್ಜಿಗೆ ಭಯ, ತಾಯಿಗೆ ಇನ್ನೂ ಭಯ. ಕೊಟ್ಟ ಮೂತ್ರಪಿಂಡ ಕೆಟ್ಟರೆ ಮತ್ತೆ ಕೊಡಲು ತಾಯಿಯ ಬಳಿ ಇನ್ನೊಂದಿಲ್ಲ. ಆದರೆ ಹದಿನಾರರ ಹುಡುಗಿಯನ್ನು ಎಷ್ಟು ವರ್ಷ ಕಿಟಕಿಯ ಬಳಿ ಕೂರಿಸುವುದು? ಕೊನೆಗೆ ಎಲ್ಲರೂ ವೈದ್ಯರ ಬಳಿಗೇ ಹೋದೆವು.

ವೈದ್ಯರು ಹೇಳಿದ್ದೇನು?

ಕಸಿಯಾದ ಮೊದಲ ಮೂರರಿಂದ ಆರು ತಿಂಗಳು ಮಾತ್ರೆಗಳ ಪ್ರಮಾಣ ಹೆಚ್ಚು, ಅಪಾಯವೂ ಹೆಚ್ಚು. ಆ ಕಾಲ ಕಳೆದು, ರಕ್ತ ಪರೀಕ್ಷೆಗಳು ಸರಿಯಾಗಿದ್ದರೆ ಮನೆಯಲ್ಲೇ ಕೂಡಿಹಾಕಬೇಕಿಲ್ಲ. ಎಲ್ಲಿಗೆ, ಯಾವ ಹೊತ್ತಿಗೆ, ಹೇಗೆ ಎಂಬ ಮೂರನ್ನು ನೋಡಿ ಹೊರಡಿ ಎಂದರು. (ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುವವರ ಲೆಕ್ಕ ಬೇರೆ. ಸಾಮಾನ್ಯವಾಗಿ ಔಷಧಿ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ ಅವರ ಬಿಳಿರಕ್ತಕಣಗಳು ತೀರಾ ಇಳಿಯುತ್ತವೆ. ಆ ದಿನಗಳಲ್ಲಿ ಜಾತ್ರೆ, ಮೇಳ ಯಾವುದೂ ಸಲ್ಲದು.)

ವಂಡರ್‌ಲಾ ಬೇಡವೆಂದದ್ದಕ್ಕೆ ಎರಡು ಕಾರಣ ಕೊಟ್ಟರು. ಮೊದಲನೆಯದು ನೀರು. ಕೊಳದ ನೀರಿಗೆ ಕ್ಲೋರಿನ್ ಹಾಕಿದರೆ ಬಹುಪಾಲು ರೋಗಾಣುಗಳು ಬೇಗ ಸಾಯುತ್ತವೆ. ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿಯ ಸೂಕ್ಷ್ಮಜೀವಿ ಕ್ಲೋರಿನ್ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತದೆ. ನೂರಾರು ಜನ ಇಳಿಯುವ ಕೊಳದಲ್ಲಿ ಒಂದು ಗುಟುಕು ಬಾಯಿಗೆ ಹೋದರೆ ಸಾಕು. ಇದು ಒಂದು ಪಾರ್ಕಿನ ದೋಷವಲ್ಲ, ಜಗತ್ತಿನ ಎಲ್ಲ ಈಜುಕೊಳಗಳಿಗೂ ಅನ್ವಯಿಸುವ ಮಾತು. ಎರಡನೆಯದು, ಕಸಿ ಮಾಡಿದ ಮೂತ್ರಪಿಂಡ ಬೆನ್ನಿನ ಕಡೆ ಇರುವುದಿಲ್ಲ. ಕೆಳಹೊಟ್ಟೆಯ ಮುಂಭಾಗದಲ್ಲಿ, ಚರ್ಮದ ಸಮೀಪದಲ್ಲೇ ಇರುತ್ತದೆ. ಜೋರಾಗಿ ಎಸೆದಾಡುವ ಆಟಗಳಲ್ಲಿ ಹೊಟ್ಟೆಯ ಮೇಲೆ ಒತ್ತುವ ಕಂಬಿ, ಪಟ್ಟಿಗಳಿಂದ ಅದಕ್ಕೆ ಪೆಟ್ಟು ತಗಲಬಾರದು.

“ಹಾಗಾದರೆ ಬಯಲಿನಲ್ಲಿ ನಡೆಯುವ ಮೇಳ?” ಎಂದು ಹುಡುಗಿಯೇ ಕೇಳಿದಳು. ಕೃಷ್ಣಗಿರಿಯಲ್ಲಿ ವರ್ಷಾವರ್ಷ ಅಖಿಲ ಭಾರತ ಮಾವು ಪ್ರದರ್ಶನ ನಡೆಯುತ್ತದೆ. ಬಗೆಬಗೆಯ ಮಾವಿನ ಸಾಲು, ಸರ್ಕಾರದ ಇಲಾಖೆಗಳ ಮಳಿಗೆ, ಜೊತೆಗೆ ಜೈಂಟ್ ವೀಲು, ರಾಟೆ ತೊಟ್ಟಿಲು, ಬಳೆ ಅಂಗಡಿ ಎಲ್ಲ ಇರುವ ಮೇಳ. ಗಾಳಿಯಾಡುವ ಬಯಲಾದ್ದರಿಂದ, ಜನ ಸೇರುವ ಮುನ್ನ ಹೋಗಿ ಜನ ಸೇರುವ ಹೊತ್ತಿಗೆ ಹೊರಡುವುದಾದರೆ ಆಗಬಹುದೆಂದು ವೈದ್ಯರು ಒಪ್ಪಿದರು. ಆರ್ದ್ರಾ ನಕ್ಷತ್ರ ಹೊಕ್ಕ ಮೇಲೆ ಮಾವು ತ್ಯಜಿಸುವ ಮನೆ ನಮ್ಮದು. ಆದ್ದರಿಂದ ಜೂನ್ 20ರೊಳಗಿನ ಒಂದು ಮಂಗಳವಾರ ಗೊತ್ತು ಮಾಡಿದೆವು. ಭಾನುವಾರದ ಜಂಗುಳಿ ಬೇಡವೆಂದು ಅಂಗಡಿಗೆ ವಾರದ ನಡುವೆ ರಜೆ ಹಾಕಿದೆವು. ವ್ಯಾಪಾರದ ಮನೆಯಲ್ಲಿ ಇದೂ ಸಣ್ಣ ಮಾತಲ್ಲ.

ಬುತ್ತಿ, ನೀರು, ಮಾತ್ರೆ

ನಮ್ಮ ಮನೆಯ ಆಚಾರ ಇಲ್ಲಿ ಬಹಳ ಉಪಕಾರಕ್ಕೆ ಬಂತು. ತಂಗಳು ತಿನ್ನುವುದಿಲ್ಲ, ರಾತ್ರಿ ಊಟವಿಲ್ಲ, ಕಾಯಿಸಿದ ನೀರು. ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಅರ್ಧ ಭಾಗ ಅಜ್ಜಿ ದಿನವೂ ಹೇಳುವುದೇ ಆಗಿತ್ತು. ಒಂದು ಮಾತನ್ನು ಮಾತ್ರ ಅವರು ಒತ್ತಿ ಹೇಳಿದರು: ಬಟ್ಟೆಯಲ್ಲಿ ಸೋಸುವುದು ಧರ್ಮಕ್ಕೆ ಸರಿ, ಆದರೆ ರೋಗಾಣು ಬಟ್ಟೆಯಲ್ಲಿ ನಿಲ್ಲುವುದಿಲ್ಲ, ನೀರು ಕೊತಕೊತ ಕುದಿ ಬಂದು ಕನಿಷ್ಠ ಒಂದು ನಿಮಿಷ ಕುದಿಯಬೇಕು. ಹಾಗೆ ಕಾಯಿಸಿದ ನೀರನ್ನು ಸ್ಟೀಲ್ ಕ್ಯಾನಿನಲ್ಲಿ ತುಂಬಿಕೊಂಡೆವು. ಚಪಾತಿ, ಹೆಸರುಬೇಳೆ ಪಲ್ಯ, ಬೆಳಿಗ್ಗೆಯೇ ಮಾಡಿ ಬಿಸಿಯಾಗಿ ಡಬ್ಬಿಗೆ ಹಾಕಿದ್ದು. ಹಸಿ ಮೊಳಕೆ ಕಾಳು, ಕೋಸಂಬರಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ರಸ ಇವಿಷ್ಟೂ ಅವಳಿಗೆ ನಿಷಿದ್ಧ. ಚಕ್ಕೋತ ಹಣ್ಣನ್ನೂ ಮುಟ್ಟಬಾರದು. ಅದು ಟ್ಯಾಕ್ರೋಲಿಮಸ್ ಎಂಬ ಕಸಿ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ದೇವನಹಳ್ಳಿಯ ಚಕ್ಕೋತಕ್ಕೆ ಹೆಸರಾದ ಸೀಮೆಯವರಾದ ನಾವು ಇದನ್ನು ನೆನಪಿಡಬೇಕು.

ಆ ಮಾತ್ರೆ ಹನ್ನೆರಡು ಗಂಟೆಗೊಮ್ಮೆ, ತಪ್ಪದೆ. ಸೂರ್ಯಾಸ್ತದ ಮೇಲೆ ನೀರೂ ಮುಟ್ಟದವರಿಗೆ ಇದು ದೊಡ್ಡ ತೊಡಕು. ಜೂನ್‌ನಲ್ಲಿ ಹಗಲು ಹನ್ನೆರಡು ಗಂಟೆಗಿಂತ ಉದ್ದ. ಬೆಳಿಗ್ಗೆ 6, ಸಂಜೆ 6 ಎಂದರೆ ಎರಡೂ ಹಗಲಿಗೆ ಸೇರುತ್ತವೆ. ಚಳಿಗಾಲದಲ್ಲಿ ಹಗಲೇ ಹನ್ನೆರಡು ಗಂಟೆ ಇರುವುದಿಲ್ಲ, ಒಂದು ಹೊತ್ತಿನ ಮಾತ್ರೆ ಕತ್ತಲೆಗೆ ಬಿದ್ದೇ ಬೀಳುತ್ತದೆ. ಮಹಾರಾಜರನ್ನು ವಿಚಾರಿಸಿದೆವು. ಪ್ರತ್ಯಾಖ್ಯಾನದಲ್ಲೇ ರೋಗಿಯ ಸಮಾಧಿಗಾಗಿ ಔಷಧಕ್ಕೆ ಆಗಾರವಿದೆ, ಮಾತ್ರೆ ನುಂಗುವುದು ರುಚಿಗಲ್ಲ, ಅದನ್ನು ಬಿಡುವುದು ತಪಸ್ಸೂ ಅಲ್ಲ ಎಂದು ಸಮಾಧಾನ ಹೇಳಿದರು. ಮನೆಯಲ್ಲಿ ಇಂಥ ರೋಗಿಗಳಿರುವವರು ಉಪವಾಸಕ್ಕೆ ಮುನ್ನ ವೈದ್ಯರನ್ನೂ ಗುರುಗಳನ್ನೂ ಇಬ್ಬರನ್ನೂ ಕೇಳುವುದು ಒಳ್ಳೆಯದು.

ಮೇಳದಲ್ಲಿ

ಮೊದಲು ತೀರ್ಥಧಾಮದಲ್ಲಿ ದರ್ಶನ. ಒಳಗೆ ಜನ ತೆಳುವಾಗುವವರೆಗೆ ಹೊರಗೇ ಕಾದೆವು. ಯಾತ್ರೆಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವುದು ನಮ್ಮವರ ಅಭ್ಯಾಸ. ಪಾರಿವಾಳದ ಹಿಕ್ಕೆ ಒಣಗಿ ಧೂಳಾದಾಗ ಅದರಲ್ಲಿನ ಶಿಲೀಂಧ್ರ ಉಸಿರಿನೊಡನೆ ಒಳಹೋಗಿ ನಿರೋಧಕ ಶಕ್ತಿ ಕಡಿಮೆಯಿರುವವರಿಗೆ ಶ್ವಾಸಕೋಶ, ಮೆದುಳಿನ ರೋಗ ತರಬಲ್ಲದು. ಹೀಗಾಗಿ ಹುಡುಗಿಯನ್ನು ದೂರ ನಿಲ್ಲಿಸಿ, ಅವಳ ಪಾಲಿನ ಕಾಳನ್ನು ತಮ್ಮ ಹಾಕಿದ.

ಕೃಷ್ಣಗಿರಿ ಅಣೆಕಟ್ಟೆ ಊರಿನಿಂದ ಕೆಲವೇ ಮೈಲಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಗೆ ಕಟ್ಟಿದ್ದು. ಕೆಳಗೆ ಮರಗಳ ನೆರಳಿನ ದೊಡ್ಡ ಉದ್ಯಾನ. ಮೀನು ಕರಿಯುವ ಅಂಗಡಿಗಳ ಸಾಲಿನಿಂದ ದೂರ ಸರಿದು ಚಾಪೆ ಹಾಸಿ ಬುತ್ತಿ ಬಿಚ್ಚಿದೆವು. ಮಕ್ಕಳು ನೀರಿಗಿಳಿಯುವ ಹಟ ಮಾಡಿದರು, ಬಿಡಲಿಲ್ಲ. ಇದೇ ನದಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ಬರುತ್ತದೆ. ಹೊಸೂರಿನ ಬಳಿ ಕೆಳವರಪಳ್ಳಿ ಜಲಾಶಯದಲ್ಲಿ ಈಚಿನ ವರ್ಷಗಳಲ್ಲಿ ನೊರೆ ಬೆಟ್ಟದಂತೆ ಏಳುವುದನ್ನು ಪತ್ರಿಕೆಗಳಲ್ಲಿ ಕಾಣುತ್ತೇವೆ.

ಬಿಸಿಲು ಇಳಿಯುವ ಮುನ್ನವೇ ಮೇಳದ ಬಾಗಿಲಲ್ಲಿದ್ದೆವು. ತಲೆಗೆ ಅಗಲ ಟೋಪಿ, ಮೈತುಂಬ ಬಟ್ಟೆ. ಈ ಮಾತ್ರೆ ನುಂಗುವವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರಿನ ಅಪಾಯವೂ ಹೆಚ್ಚು. ಮುಖಕ್ಕೆ ಎನ್-95 ಮಾಸ್ಕು. ಒಳಗೆ ಮಾವು! ಮಲ್ಗೋವಾ, ಬಂಗನಪಲ್ಲಿ, ನೀಲಂ, ಸೇಂದೂರ... ತಟ್ಟೆಗಳಲ್ಲಿ ಚೀಟಿ ಹಚ್ಚಿ ಇಟ್ಟಿದ್ದರು. ಹುಡುಗಿ ಒಂದೊಂದರ ಹೆಸರನ್ನೂ ಓದಿ ಓದಿ ಬರೆದುಕೊಂಡಳು.

ಅಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರು ಸಿಕ್ಕರು. “ಜೈ ಜಿನೇಂದ್ರ” ಎನ್ನುತ್ತಾ ಹುಡುಗಿಯ ಗಲ್ಲ ಹಿಡಿಯಲು ಬಂದವರು, ಅವಳು ಹಿಂದೆ ಸರಿದುದನ್ನು ಕಂಡು ನೊಂದುಕೊಂಡರು. “ನಮ್ಮನ್ನು ಕಂಡು ಮುಖ ಮುಚ್ಚಿಕೊಳ್ಳುವುದೇನಮ್ಮಾ?” ಎಂದರು. ಅಜ್ಜಿ ಕೈಮುಗಿದು ಹೇಳಿದರು: “ಸಾಧ್ವೀಜಿಯವರು ಮುಹಪತ್ತಿ ಕಟ್ಟುವುದು ನಮ್ಮನ್ನು ಕಂಡು ಬೇಸರದಿಂದಲ್ಲವಲ್ಲ. ಅವರ ಉಸಿರಿನಿಂದ ಸಣ್ಣ ಜೀವಕ್ಕೆ ನೋವಾಗಬಾರದು ಅಂತ. ಇಲ್ಲಿ ಸಣ್ಣ ಜೀವ ನಮ್ಮ ಹುಡುಗಿಯೇ.” ಅವರು ಒಂದು ಗಳಿಗೆ ಸುಮ್ಮನಿದ್ದು, ಜೇಬಿನಿಂದ ಕರವಸ್ತ್ರ ತೆಗೆದು ತಮ್ಮ ಬಾಯಿಗೇ ಅಡ್ಡ ಹಿಡಿದುಕೊಂಡು ಮಾತನಾಡಿದರು. ಎರಡು ದಿನದಿಂದ ತಮಗೆ ಕೆಮ್ಮು ಇದೆಯೆಂದೂ ಅವರೇ ಹೇಳಿದರು!

ಜೈಂಟ್ ವೀಲಿನ ತೊಟ್ಟಿಲಿನಲ್ಲಿ ಅವಳು, ಅವಳ ತಾಯಿ, ಇಬ್ಬರೇ. ಅದು ನಿಧಾನವಾಗಿ ತಿರುಗುವಂಥದು, ಹೊಟ್ಟೆಗೆ ಪಟ್ಟಿ ಬಿಗಿಯುವಂಥದಲ್ಲ. ಕಂಬಿ ಮುಟ್ಟಿದ ಕೈಗೆ ಇಳಿದ ಕೂಡಲೇ ಸೋಪು ನೀರು. ಮೇಲಿನಿಂದ ಕೃಷ್ಣಗಿರಿಯ ಕೋಟೆಬೆಟ್ಟ ಕಾಣುತ್ತದೆಂದು ಕೂಗಿ ಹೇಳಿದಳು. ಕೆಳಗೆ ನಿಂತ ನಮಗೆ ಅವಳ ತಾಯಿ ನಗುವುದು ಕೇಳಿಸಿತು. ಆ ಮನೆಯಲ್ಲಿ ಆ ನಗು ಕೇಳಿ ಎರಡು ವರ್ಷವಾಗಿತ್ತು. ಜನ ಸೇರತೊಡಗಿದಾಗ, ಇನ್ನೊಂದು ಸುತ್ತಿನ ಆಸೆಯಿದ್ದರೂ, ಹೊರಟೆವು. ಸಂಜೆ 6ಕ್ಕೆ ಕಾರಿನಲ್ಲಿ ಮಾತ್ರೆ. ಸಿಪ್ಪೆ ಸಹಿತ ಕೊಂಡ ಇಡಿ ಹಣ್ಣನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ನಾವೇ ಹೆಚ್ಚಿ ಕೊಟ್ಟೆವು. ಒಂದೇ ಹಣ್ಣು, ಈ ಔಷಧಿಗಳು ಸಕ್ಕರೆ ಕಾಯಿಲೆ ತರಬಲ್ಲವು.

ಓದುಗರಿಗೆ ಎರಡು ಮಾತು

ಇಂಥವರೊಡನೆ ಪ್ರಯಾಣ ಹೊರಡುವ ಮುನ್ನ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದೆಂದು ತಿಳಿದಿರಲಿ. ಕೃಷ್ಣಗಿರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಮಾತ್ರೆಗಳ ಪಟ್ಟಿ, ವೈದ್ಯರ ದೂರವಾಣಿ ಸಂಖ್ಯೆ, ಜ್ವರಮಾಪಕ, ಎರಡು ದಿನಕ್ಕೆ ಹೆಚ್ಚುವರಿ ಮಾತ್ರೆ ಕೈಚೀಲದಲ್ಲಿರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಅಥವಾ ನೆರೆಯಲ್ಲಿ ಯಾರಿಗಾದರೂ ಸೀತಾಳೆಸಿಡುಬು ಆಗಿದ್ದರೂ ಕೂಡಲೇ ಹೇಳಿ. ಲಸಿಕೆಗಳಲ್ಲಿ ಜೀವಂತ ರೋಗಾಣುವಿನವು ಇವರಿಗೆ ಸಲ್ಲವು. ಪ್ರತಿವರ್ಷದ ಫ್ಲೂ ಚುಚ್ಚುಮದ್ದು ಅವರಿಗೂ ಮನೆಯವರೆಲ್ಲರಿಗೂ ಬೇಕು.

ಇನ್ನು ಆರೋಗ್ಯವಂತರಾದ ನಮ್ಮ ಪಾಲು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ನಾವು ಬಾಯಿಪಾಠ ಹೇಳುತ್ತೇವೆ. ಮೊದಲ ಮೂರಕ್ಕೆ ಹಣ ಬೇಕು, ಪುಸ್ತಕ ಬೇಕು. ಅಭಯದಾನಕ್ಕೆ ಏನೂ ಬೇಡ. ಕೆಮ್ಮು ನೆಗಡಿ ಇದ್ದಾಗ ಮದುವೆಮನೆಗೂ ಪ್ರವಚನಕ್ಕೂ ಹೋಗದೆ ಮನೆಯಲ್ಲಿ ಉಳಿಯುವುದು ಅಭಯದಾನ. ಮಾಸ್ಕು ಹಾಕಿದ ಮಗುವನ್ನು “ಏನಾಗಿದೆ?” ಎಂದು ಹತ್ತು ಜನರೆದುರು ಕೇಳದಿರುವುದು ಅಭಯದಾನ. ಸಮಾರಂಭದಲ್ಲಿ ಗಾಳಿಯಾಡುವ ಕಡೆ ಅಂಥವರಿಗೆ ನಾಲ್ಕು ಕುರ್ಚಿ ಬೇರೆ ಹಾಕಿಸುವುದೂ ಅಭಯದಾನವೇ. ತಗಡೂರಿನ ಸೋದರರಂತೆ ಬಸದಿ ಕಟ್ಟಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇಷ್ಟು ಮಾಡುವುದು ಎಲ್ಲರ ಕೈಯಲ್ಲೂ ಇದೆ.