ಆಗುಂಬೆಯ ಘಟ್ಟದ ದಾರಿ

ತೀರ್ಥಹಳ್ಳಿಯ ಕಡೆಯಿಂದ ಉಡುಪಿಗೆ ಹೋಗುವ ಪ್ರಯಾಣಿಕರು ಆಗುಂಬೆಯನ್ನು ದಾಟಿದೊಡನೆಯೇ, ಮಲೆನಾಡು ತಟಕ್ಕನೆ ಮುಗಿದು ಕೆಳಗೆ ಕರಾವಳಿಯ ಸೀಮೆಯು ಹರಡಿರುವುದನ್ನು ಕಾಣುವರು. ಅಲ್ಲಿಂದ ಸೋಮೇಶ್ವರದವರೆಗೆ ರಸ್ತೆಯು 14 ತಿರುವುಗಳಲ್ಲಿ ಸುತ್ತಿ ಸುತ್ತಿ ಇಳಿಯುವುದು. ಹೊಸಬರ ಕಣ್ಣೆಲ್ಲವೂ ಕಣಿವೆಯ ಮೇಲೆ. ತಮ್ಮನ್ನು ಹೊತ್ತಿರುವ ದಾರಿಯನ್ನು ನೋಡುವವರು ಅಪೂರ್ವ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಗಾಡಿಗಳ ಭಾರಕ್ಕಿಂತಲೂ ನೀರೇ ಇಲ್ಲಿಯ ರಸ್ತೆಗೆ ದೊಡ್ಡ ಶತ್ರು. ಅದು ಡಾಂಬರಿನ ಬಿರುಕುಗಳಲ್ಲಿ ಇಳಿದು ಅಡಿಯ ಜಲ್ಲಿಯನ್ನು ಸಡಿಲಿಸಿತೆಂದರೆ, ಚಕ್ರ ಹಾಯ್ದಲ್ಲೆಲ್ಲ ಗುಂಡಿ ಬೀಳುವುದು. ಆದುದರಿಂದ ರಸ್ತೆಯ ಮೈಯನ್ನು ಓರೆಯಾಗಿರಿಸಿ, ಗುಡ್ಡದ ಮಗ್ಗುಲಿಗೆ ಚರಂಡಿ ತೆಗೆದು, ಅಲ್ಲಲ್ಲಿ ಮೋರಿಗಳ ಮೂಲಕ ನೀರನ್ನು ಕಣಿವೆಗೆ ಬಿಡುವರು. ತಡೆಗೋಡೆಗಳಲ್ಲಿ ಸಣ್ಣ ಸಣ್ಣ ಕಂಡಿಗಳಿರುವುವು. ಹಿಂದೆ ತುಂಬಿದ ನೀರು ಅವುಗಳಿಂದ ಒಸರಿ ಹೋಗದಿದ್ದರೆ, ಅದರ ಒತ್ತಡಕ್ಕೆ ಗೋಡೆಯೇ ಹೊರಕ್ಕೆ ಬಾಗುವುದು.

ನಮ್ಮ ಹಿರಿಯರು ಮರಾಮತ್ತು ಇಲಾಖೆಯೆಂದು ಕರೆಯುತ್ತಿದ್ದ ಲೋಕೋಪಯೋಗಿ ಇಲಾಖೆಯವರ ಕೆಲಸವು ಮಳೆಗಾಲಕ್ಕೆ ಮುಂಚೆಯೇ ಮೊದಲಾಗಬೇಕು. ಚರಂಡಿಯ ಹೂಳು ತೆಗೆಯುವುದು, ಮೋರಿಯ ಬಾಯಿಗೆ ಸಿಕ್ಕಿದ ಕೊಂಬೆಗಳನ್ನು ಬಿಡಿಸುವುದು, ಸೇತುವೆಯ ಕಲ್ಲುಸಂದಿಗಳಲ್ಲಿ ಬೇರೂರಿದ ಅರಳಿಯ ಸಸಿಗಳನ್ನು ಕೀಳುವುದು, ಪ್ರವಾಹ ಇಳಿದ ಮೇಲೆ ಕಂಬಗಳ ಬುಡದ ಮಣ್ಣು ಕೊಚ್ಚಿಹೋಗಿದೆಯೇ ಎಂದು ಪರೀಕ್ಷಿಸುವುದು—ಹೀಗೆ ಒಂದೆರಡಲ್ಲ. ಗುಂಡಿ ಮುಚ್ಚುವುದಕ್ಕೂ ಕ್ರಮವುಂಟು. ಅಂಚುಗಳನ್ನು ನೇರವಾಗಿ ಕಡಿದು, ಸಡಿಲವಾದುದನ್ನೆಲ್ಲ ಗುಡಿಸಿ, ಒಣಗಿದ ಮೇಲೆ ಡಾಂಬರು ಸವರಿ, ಜಲ್ಲಿ ತುಂಬಿ ದಮ್ಮಸ್ಸು ಮಾಡಬೇಕು. ನೀರು ನಿಂತ ಗುಂಡಿಗೆ ಜಲ್ಲಿ ಸುರಿದು ಹೋದರೆ, ಮುಂದಿನ ಮಳೆಗೆ ಅದೇ ಗುಂಡಿಯು ಮತ್ತೆ ಬಾಯಿ ತೆರೆಯುವುದು.

ಇದೇ ಘಟ್ಟಸಾಲಿನ ಚಾರ್ಮಾಡಿಯಲ್ಲಿ 2019ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡಗಳು ಜರಿದು ಸಂಚಾರವೇ ನಿಂತುಹೋಗಿತ್ತು. ಅಂತಹ ಉತ್ಪಾತವನ್ನು ಗುದ್ದಲಿಯೊಂದರಿಂದ ತಡೆಯಲಾಗದು, ನಿಜ. ಆದರೆ ಕಟ್ಟಿಕೊಂಡ ಮೋರಿಯೊಂದರಿಂದ ದಾರಿ ಕೊರೆದುಹೋಗುವುದನ್ನು ಅವಶ್ಯವಾಗಿ ತಡೆಯಬಹುದು. ಮಲೆನಾಡಿನ ಎಷ್ಟೋ ಮನೆಯವರು ತಮ್ಮ ರೋಗಿಗಳನ್ನು ಮಣಿಪಾಲಕ್ಕೆ ಒಯ್ಯುವುದು ಆಗುಂಬೆಯ ದಾರಿಯಲ್ಲಿಯೇ. ಅದು ಕಡಿದರೆ ಬೇರೊಂದು ಘಟ್ಟವನ್ನು ಬಳಸಿ ಹೋಗಬೇಕು. ಅಂತಹ ವೇಳೆಯಲ್ಲಿ ಗಳಿಗೆಗಳ ಬೆಲೆ ಎಷ್ಟೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ನಾವು ಇಳಿಯುತ್ತಿದ್ದಾಗ ತಿರುವೊಂದರಲ್ಲಿ ಇಬ್ಬರು ಕೆಲಸಗಾರರು ಜಿನುಗುಮಳೆಯಲ್ಲಿ ನೆನೆಯುತ್ತ ಮೋರಿಯ ಬಾಯಿ ಬಿಡಿಸುತ್ತಿದ್ದರು. ದಡದಲ್ಲಿ ಹಾಕಿದ್ದ ಹೂಳಿನಲ್ಲಿ ತರಗೆಲೆಗಳಿಗಿಂತಲೂ ಪ್ರವಾಸಿಗರು ಎಸೆದ ಪ್ಲಾಸ್ಟಿಕ್ ಚೀಲಗಳೇ ಹೆಚ್ಚಾಗಿದ್ದುವು. ತಿಂಡಿಯ ಚೀಲವನ್ನು ಕಿಟಕಿಯಿಂದ ಎಸೆಯಲು ಕೈಯೆತ್ತಿದ್ದ ನಮ್ಮ ಹುಡುಗನು ಅದನ್ನು ಕಂಡು, ಯಾರೂ ಹೇಳದೆಯೇ, ಚೀಲವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು.